ತೆರೆದ ಬಾಗಿಲಿಗೆ ತೆತ್ತ ಬೆಲೆ

ಪುಣೆಯಿಂದ ಸೋಲಾಪುರದ ಮಾರ್ಗವಾಗಿ ಕಲಬುರ್ಗಿಯ ಕಡೆಗೆ ರೈಲಿನಲ್ಲಿ ಹೋಗಿಬರುವ ನಮ್ಮವರಲ್ಲಿ ಅನೇಕರು, ದೌಂಡ್ ಜಂಕ್ಷನ್ನಿಗೆ ಮೊದಲು ಸಿಗುವ ಕೇಡಗಾಂವ್ ಎಂಬ ಚಿಕ್ಕ ಸ್ಟೇಶನ್ನನ್ನು ಗಮನಿಸಿರಲಾರರು. ಆ ಊರಿನಲ್ಲಿ ನಮ್ಮ ಮಲೆನಾಡಿನ ಮಡಿಲಲ್ಲಿ ಹುಟ್ಟಿದ ಮಹಿಳೆಯೊಬ್ಬರು ಕಟ್ಟಿದ ಆಶ್ರಮವುಂಟು. ಆಕೆಯೇ ಪಂಡಿತಾ ರಮಾಬಾಯಿಯವರು.

ಕಾರ್ಕಳದ ಕಡೆಯಿಂದ ಬಂದು ಇಲ್ಲಿಯ ಹೋಟೆಲುಗಳಲ್ಲಿ ದುಡಿಯುವ ಬಂಧುಗಳಿಗೆ ಮಾಳ ಗ್ರಾಮವು ಅಪರಿಚಿತವಲ್ಲ. ಅಲ್ಲಿಯ ಅನಂತಶಾಸ್ತ್ರಿ ಡೋಂಗ್ರೆಯವರು, ಸ್ತ್ರೀಯರಿಗೆ ಸಂಸ್ಕೃತವು ಸಲ್ಲದೆಂಬ ಅಂದಿನ ಕಟ್ಟಳೆಯನ್ನು ಮೀರಿ ಪತ್ನಿ ಲಕ್ಷ್ಮೀಬಾಯಿಗೆ ಆ ವಿದ್ಯೆಯನ್ನು ಕಲಿಸಿದರು. ಪಂಡಿತರ ಆಕ್ಷೇಪಕ್ಕೆ ಗುರಿಯಾದರು. ಗಂಗಾಮೂಲದ ಕಾಡಿನ ಅವರ ಮನೆಯಲ್ಲಿ 1858ರಲ್ಲಿ ರಮಾಬಾಯಿ ಜನಿಸಿದರು. ಮುಂದೆ ಆ ಕುಟುಂಬವು ಪುರಾಣ ಹೇಳುತ್ತ ತೀರ್ಥದಿಂದ ತೀರ್ಥಕ್ಕೆ ಅಲೆಯಿತು. ತಾಯ್ತಂದೆಗಳಿಬ್ಬರೂ ಕ್ಷಾಮಕ್ಕೆ ತುತ್ತಾದರು. ದೇವರನ್ನು ನೆಚ್ಚಿದವರು ಅದಕ್ಕೆ ಬೆಲೆ ತೆರಬೇಕಾಗುವುದೆಂಬುದನ್ನು ಮಗಳು ಬಾಲ್ಯದಲ್ಲಿಯೇ ಕಂಡಿದ್ದರು.

1878ರಲ್ಲಿ ಕಲಕತ್ತೆಯ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನಿತ್ತರು. 1882ರಲ್ಲಿ ಪತಿಯನ್ನು ಕಳೆದುಕೊಂಡು, ಕೈಗೂಸಾದ ಮನೋರಮೆಯೊಡನೆ ಆಕೆ ಪುಣೆಗೆ ಬಂದಾಗ ಈ ನಗರದ ಸುಧಾರಕರು ಆದರದಿಂದ ಬರಮಾಡಿಕೊಂಡರು. ಆರ್ಯ ಮಹಿಳಾ ಸಮಾಜವು ಆ ವರ್ಷವೇ ಇಲ್ಲಿ ಸ್ಥಾಪನೆಯಾಯಿತು. ಆದರೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಆಕೆ ದೀಕ್ಷಾಸ್ನಾನ ಪಡೆದ ಸುದ್ದಿ ಬಂದೊಡನೆ ಕೊಂಡಾಡಿದವರಲ್ಲಿಯೇ ಅನೇಕರು ಮುಖ ತಿರುಗಿಸಿದರು.

ಇತ್ತ ಹೊಸ ಮತದವರಾದರೂ ಪೂರ್ಣ ಮೆಚ್ಚಿದರೆ? ಅದೂ ಇಲ್ಲ. ಸಭೆಯ ಹಿರಿಯರು ವಿಧೇಯತೆಯನ್ನು ಬಯಸಿದರು. ರಮಾಬಾಯಿಯವರೋ, ಮನಸ್ಸಾಕ್ಷಿಗೆ ಒಪ್ಪದುದನ್ನು ಯಾರ ಮಾತಿಗೂ ನಂಬೆನೆಂದರು. ಊಟದಲ್ಲಿ ಶಾಕಾಹಾರವನ್ನೂ ಬಿಡಲಿಲ್ಲ.

ಎಲ್ಲಕ್ಕಿಂತ ಕಠಿನವಾದ ಪರೀಕ್ಷೆ ಒದಗಿದುದು ಪುಣೆಯಲ್ಲಿಯೇ. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಇಲ್ಲಿಗೆ ಬಂದಿತು. ಯಾರ ಮತಕ್ಕೂ ಕೈಯಿಕ್ಕುವುದಿಲ್ಲವೆಂಬುದು ಅಲ್ಲಿಯ ಕರಾರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ; ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳುತ್ತಿದ್ದರು. ತಿಲಕರ ‘ಕೇಸರಿ’ ಇದನ್ನು ಉಗ್ರವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾ ಮಂಡಲಿಯಿಂದ ಹೊರಬಂದರು. ಪಾಲಕರು ಹಲವು ಹುಡುಗಿಯರನ್ನು ಕರೆದೊಯ್ದರು. ಪಾಲಕರ ಅಂಜಿಕೆ ನಿರಾಧಾರವಾಗಿತ್ತೆನ್ನುವಂತಿಲ್ಲ; ಮುಂದೆ ಕೆಲವರು ಕ್ರೈಸ್ತರಾದುದುಂಟು. ಆದರೆ ಬಾಗಿಲು ಮುಚ್ಚಿ ಪ್ರಾರ್ಥಿಸಿದ್ದರೆ ಸ್ನೇಹಿತರೂ ಉಳಿಯುತ್ತಿದ್ದರು, ಕೀರ್ತಿಯೂ ಉಳಿಯುತ್ತಿತ್ತು. ನಂಬಿದುದನ್ನು ಅಡಗಿಸಿಡುವುದು ಮಾತ್ರ ಆಕೆಯಿಂದ ಆಗಲಿಲ್ಲ.

1896ರ ಕ್ಷಾಮದಲ್ಲಿ, ತಾವು ಕಂಡುಂಡ ಹಸಿವನ್ನು ನೆನೆದು, ಅನಾಥ ಬಾಲೆಯರನ್ನು ಅರಸಿಕೊಂಡು ಹೊರಟರು. ಕೇಡಗಾಂವಿನ ಹೊಲದಲ್ಲಿ ‘ಮುಕ್ತಿ’ ಎದ್ದು ನಿಂತಿತು. 1900ರ ವೇಳೆಗೆ ಅಲ್ಲಿ ಸುಮಾರು 1,500 ಜನರಿದ್ದರು. ಕಿವಿ ಮಂದವಾಗಿದ್ದರೂ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ತಂದರು. ಮಗಳ ನೆರವಿನಿಂದ ಕಲಬುರ್ಗಿಯಲ್ಲಿಯೂ ಶಾಲೆ ತೆರೆದರು.

ಕೊನೆಯ ಕಂತು ಇನ್ನೂ ಬಾಕಿಯಿತ್ತು. ತಮ್ಮ ಬಳಿಕ ಆಶ್ರಮವನ್ನು ನಡೆಸಬೇಕಾಗಿದ್ದ ಮನೋರಮೆ 1921ರ ಜುಲೈಯಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು, ತಾಯಿಯೂ ಕಣ್ಮುಚ್ಚಿದರು.

ಆಕೆಯ ಮತವನ್ನು ಒಪ್ಪುವುದು, ಬಿಡುವುದು ಅವರವರ ಇಷ್ಟ. ಆದರೆ ದೇವರಿಗೆ ತನ್ನನ್ನು ಒಪ್ಪಿಸಿಕೊಂಡವರ ಸಾಲವು ಒಂದೇ ದಿನ ತೀರುವುದಲ್ಲ. ಊರಿನ ಆದರ, ಗೆಳೆಯರ ಸಂಗ, ಕೊನೆಗೆ ಕರುಳಿನ ಕುಡಿ, ಹೀಗೆ ಒಂದೊಂದಾಗಿ ಸಲ್ಲಿಸಬೇಕಾಗುತ್ತದೆ. ಊರು ಬಿಟ್ಟು ಬಂದ ನಮಗೆ ಅಗಲಿಕೆಯ ತೂಕ ಗೊತ್ತುಂಟು. ಇನ್ನೊಮ್ಮೆ ಗಾಡಿ ಕೇಡಗಾಂವನ್ನು ಹಾಯುವಾಗ, ವಾಚಕರು ಕಿಟಕಿಯಿಂದ ಒಂದು ಕ್ಷಣ ಹೊರಗೆ ನೋಡಲಿ. ಆಕೆ ಕಟ್ಟಿದ ಮನೆಯ ಬಾಗಿಲು ನಿರ್ಗತಿಕರಿಗೆ ಇಂದಿಗೂ ತೆರೆದೇ ಇದೆ.