ಕರೆಯದೇ ಬಂದ ಹುಡುಗಿಯರು

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆಗಳಂದು ನೀಲಿ ಸಮವಸ್ತ್ರ ತೊಟ್ಟು, ಕೊರಳಿಗೆ ಸ್ಕಾರ್ಫ್ ಬಿಗಿದು, ಮೂರು ಬೆರಳೆತ್ತಿ ವಂದನೆ ಸಲ್ಲಿಸುವ ಬಾಲಕಿಯರನ್ನು ನೋಡದವರು ಅಪರೂಪ. ಅವರೇ ಗೈಡ್‌ಗಳು. ಸಮಾರಂಭಕ್ಕೆ ಬರುವ ಅತಿಥಿಗಳಿಗೆ ಹೂಗುಚ್ಛ ನೀಡಲು, ಹಾದಿಯ ಇಕ್ಕೆಲಗಳಲ್ಲಿ ಸಾಲಾಗಿ ನಿಂತು ಸ್ವಾಗತ ಕೋರಲು ಇವರನ್ನು ಕರೆಯುವುದು ವಾಡಿಕೆ. ಆದರೆ ಗೈಡ್ ಚಳವಳಿ ಹುಟ್ಟಿದ್ದು ಹೂಗುಚ್ಛ ಹಿಡಿಯುವುದಕ್ಕಲ್ಲ. ಅದರ ಇತಿಹಾಸವೆಂದರೆ, ಮುಚ್ಚಿದ್ದ ಬಾಗಿಲುಗಳನ್ನು ಹೆಣ್ಣುಮಕ್ಕಳು ಒಂದೊಂದಾಗಿ ತಟ್ಟಿ ತೆರೆಸಿದ ಇತಿಹಾಸ.

ಮೊದಲ ಬಾಗಿಲು ತೆರೆದದ್ದು ಲಂಡನ್ನಿನಲ್ಲಿ. 1909ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಬಾಲಕರ ದೊಡ್ಡ ಮೇಳ ನಡೆಯಿತು. ಸುಮಾರು 11,000 ಹುಡುಗರು ನೆರೆದಿದ್ದ ಆ ಮೇಳಕ್ಕೆ ಹುಡುಗಿಯರ ಒಂದು ಚಿಕ್ಕ ಗುಂಪೂ ಸ್ಕೌಟ್ ಉಡುಪಿನಲ್ಲಿ ಬಂದಿತ್ತು. ಅವರನ್ನು ಯಾರೂ ಕರೆದಿರಲಿಲ್ಲ. ತಾವೂ ಸ್ಕೌಟ್‌ಗಳೇ ಎಂದು ಅವರು ಪಟ್ಟು ಹಿಡಿದರು. ಅದರ ಫಲವಾಗಿ 1910ರಲ್ಲಿ, ಸ್ಕೌಟ್ ಸಂಸ್ಥಾಪಕ ರಾಬರ್ಟ್ ಬೇಡನ್ ಪೊವೆಲ್ ಅವರು ತಮ್ಮ ಸೋದರಿ ಆಗ್ನೆಸ್ ನೆರವಿನಿಂದ ಬಾಲಕಿಯರಿಗೆಂದೇ ಗರ್ಲ್ ಗೈಡ್ಸ್ ಸಂಸ್ಥೆಯನ್ನು ಆರಂಭಿಸಿದರು.

'ಗೈಡ್' ಎಂಬ ಹೆಸರಿಗೆ ಭಾರತದ ನಂಟಿದೆ. ವಾಯವ್ಯ ಗಡಿನಾಡಿನಲ್ಲಿ 1846ರಲ್ಲಿ ಕಟ್ಟಿದ 'ಕೋರ್ ಆಫ್ ಗೈಡ್ಸ್' ಎಂಬ ಸೇನಾಪಡೆ ಸಾಹಸಕ್ಕೆ, ಸಮಯಸ್ಫೂರ್ತಿಗೆ ಹೆಸರಾಗಿತ್ತು. ಸೈನ್ಯದಲ್ಲಿದ್ದು ಭಾರತವನ್ನು ಬಲ್ಲವರಾಗಿದ್ದ ಬೇಡನ್ ಪೊವೆಲ್ ಆ ಹೆಸರನ್ನೇ ಆರಿಸಿಕೊಂಡರು. ಹೀಗೆ ಹೆಸರು ಭಾರತದಿಂದ ಹೋಯಿತು. ಆದರೆ ಆ ಹೆಸರಿನ ಸಂಸ್ಥೆ ಇಲ್ಲಿಗೆ ಬಂದಾಗ ಭಾರತೀಯ ಬಾಲಕಿಯರಿಗೆ ಅದರಲ್ಲಿ ಜಾಗವಿರಲಿಲ್ಲ.

ಇದನ್ನು ಅರಿಯಲು ಬೆಂಗಳೂರಿನ ದಂಡು ಪ್ರದೇಶದತ್ತ ನೋಡಬೇಕು. ಭಾರತದಲ್ಲಿ ಸ್ಕೌಟಿಂಗ್ ಮೊದಲು ಕಾಲಿಟ್ಟಿದ್ದು 1909ರಲ್ಲಿ, ಇಲ್ಲಿಯ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಆರಂಭಿಸಿದವರು ಕ್ಯಾಪ್ಟನ್ ಬೇಕರ್. ಆಗ ಇಂದಿರಾನಗರವೆಂಬ ಬಡಾವಣೆ ಇರಲಿಲ್ಲ. ಹಲಸೂರಿನಾಚೆ ಬಿನ್ನಮಂಗಲ, ದೊಮ್ಮಲೂರುಗಳಂಥ ಹಳ್ಳಿಗಳಿದ್ದವು. ಆ ಹಳ್ಳಿಯ ಮಕ್ಕಳಿಗೂ ಶಾಲೆಯ ಮೈದಾನಕ್ಕೂ ನಡುವಿನ ದಾರಿ ಕೆಲವೇ ಮೈಲಿಗಳದು. ಆದರೂ ಆ ದಾರಿ ಅವರಿಗೆ ಮುಚ್ಚಿತ್ತು. ಸ್ಕೌಟಿಂಗ್ ಇದ್ದದ್ದು ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ. ಭಾರತೀಯ ಹುಡುಗರಿಗೆ ಶಿಸ್ತು, ಸಂಘಟನೆಗಳನ್ನು ಕಲಿಸಿದರೆ ನಾಳೆ ಅವರು ಸರ್ಕಾರದ ವಿರುದ್ಧವೇ ನಿಂತಾರು ಎಂಬ ಅಂಜಿಕೆ ಆಳುವವರಿಗಿತ್ತು.

1911ರಲ್ಲಿ ಜಬಲ್ಪುರದಲ್ಲಿ ಶುರುವಾದ ಗೈಡ್ ಶಾಖೆಯೂ ಇದೇ ಕಟ್ಟುಪಾಡನ್ನು ಪಾಲಿಸಿತು. ಭಾರತೀಯ ಬಾಲಕಿ ಹೀಗೆ ಎರಡು ಬಾಗಿಲುಗಳನ್ನು ದಾಟಬೇಕಿತ್ತು: ಒಂದು ಹೆಣ್ಣೆಂಬುದು, ಇನ್ನೊಂದು ಭಾರತೀಯಳೆಂಬುದು. ಆ ಎರಡನೆಯ ಬಾಗಿಲು ತೆರೆದದ್ದು 1916ರಲ್ಲಿ. ಅದೇ ವರ್ಷ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ಅವರು ಭಾರತೀಯ ಬಾಲಕರಿಗೆಂದು ಪ್ರತ್ಯೇಕ ಸ್ಕೌಟ್ ಸಂಘ ಕಟ್ಟಿದರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸಂಘಗಳು ಕೂಡಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆಯಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಸ್ಥೆಯೂ ಅದರಲ್ಲಿ ಸೇರಿತು. ವಿಶ್ವ ಗೈಡ್ ಸಂಘಟನೆಯ ಜಾಗತಿಕ ಕೇಂದ್ರಗಳಲ್ಲೊಂದಾದ 'ಸಂಗಮ' 1966ರಲ್ಲಿ ಪುಣೆಯಲ್ಲಿ ಪ್ರಾರಂಭವಾಯಿತು. ಒಂದು ಕಾಲಕ್ಕೆ ಭಾರತದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದ ಚಳವಳಿ, ಲೋಕದ ಹೆಣ್ಣುಮಕ್ಕಳನ್ನು ಭಾರತಕ್ಕೇ ಕರೆಯಿತು.

ಅಷ್ಟು ಹಟ ಹಿಡಿದು ಒಳಹೊಕ್ಕವರಿಗೆ ಅಲ್ಲಿ ಸಿಕ್ಕಿದ್ದಾದರೂ ಏನು? ಉತ್ತರ ಗೈಡಿಂಗ್‌ನ ಕಾರ್ಯವಿಧಾನದಲ್ಲಿದೆ. ಒಂದು ಗೈಡ್ ದಳವನ್ನು ಆರರಿಂದ ಎಂಟು ಬಾಲಕಿಯರ ತುಕಡಿಗಳಾಗಿ ವಿಂಗಡಿಸುತ್ತಾರೆ. ತುಕಡಿಗಳಿಗೆ ಕಮಲ, ಗುಲಾಬಿ ಹೀಗೆ ಹೂವಿನ ಹೆಸರು. ಪ್ರತಿ ತುಕಡಿಗೂ ಬಾಲಕಿಯರಲ್ಲೇ ಒಬ್ಬಳು ನಾಯಕಿ. ಡೇರೆ ಹೂಡುವುದು, ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ಒಲೆ ಹೂಡಿ ಅಡುಗೆ ಮಾಡುವುದು, ದಿಕ್ಕು ಗುರುತಿಸಿ ದಾರಿ ಕಂಡುಕೊಳ್ಳುವುದು, ಎಲ್ಲವೂ ತುಕಡಿಯ ಹೊಣೆ. ನಾಯಕಿಯರು ಕೂಡುವ 'ಕೋರ್ಟ್ ಆಫ್ ಆನರ್' ಎಂಬ ಸಭೆ ದಳದ ಕಾರ್ಯಕ್ರಮಗಳನ್ನೂ ಶಿಸ್ತಿನ ಪ್ರಶ್ನೆಗಳನ್ನೂ ಚರ್ಚಿಸುತ್ತದೆ. ಶಿಕ್ಷಕಿ ಅಲ್ಲಿ ಸಲಹೆಗಾರ್ತಿಯಷ್ಟೆ. ಸಾಮಾನ್ಯವಾಗಿ ಅರ್ಹತೆ ನೋಡಿ ಹೊಣೆ ಕೊಡುತ್ತೇವೆ. ಇಲ್ಲಿ ಮೊದಲು ಹೊಣೆ, ಆ ಹೊಣೆ ಹೊರುತ್ತಲೇ ಅರ್ಹತೆ. ಅನ್ನ ಸೀದರೆ ತುಕಡಿ ಸೀದ ಅನ್ನವನ್ನೇ ಉಣ್ಣುತ್ತದೆ. ಮರುದಿನ ಉರಿ ಎಷ್ಟಿರಬೇಕೆಂಬುದು ನಾಯಕಿಗೆ ಗೊತ್ತಿರುತ್ತದೆ.

ಇಂದು ಈ ವ್ಯವಸ್ಥೆ ಬೆಂಗಳೂರಿನ ಪೂರ್ವ ಭಾಗಕ್ಕೆ ಹೊಸದಲ್ಲ. ರಾಜ್ಯ ಸಂಸ್ಥೆಯಲ್ಲದೆ, ರೈಲ್ವೆ ಮತ್ತು ಕೇಂದ್ರೀಯ ವಿದ್ಯಾಲಯಗಳಿಗೂ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ತಮ್ಮದೇ ಘಟಕಗಳಿವೆ. ರಾಷ್ಟ್ರಪತಿ ಪುರಸ್ಕಾರದವರೆಗೆ ಏರಲು ಮೆಟ್ಟಿಲುಗಳಿವೆ. ರಾಜ್ಯದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಸ್ಕೌಟ್ಸ್, ಗೈಡ್ಸ್ ವಿಶೇಷ ವರ್ಗವೂ ಉಂಟು.

ಆದರೆ ಮೂರನೆಯದೊಂದು ಬಾಗಿಲು ಇನ್ನೂ ಇದೆ, ಅದು ಮನೆಯದು. ಮಗಳು ಸಮವಸ್ತ್ರ ತೊಟ್ಟು ಪಥಸಂಚಲನದಲ್ಲಿ ನಡೆದರೆ ಹೆಮ್ಮೆ ಪಡುವ ಪೋಷಕರೇ, ಮೂರು ರಾತ್ರಿಯ ಶಿಬಿರವೆಂದರೆ ಹಿಂಜರಿಯುತ್ತಾರೆ. ಅವರ ಆತಂಕಕ್ಕೆ ಕಾರಣವಿಲ್ಲದಿಲ್ಲ. ಇನ್ನು ಒಂಬತ್ತನೆಯ ತರಗತಿ ಬಂದರೆ ಟ್ಯೂಷನ್ನಿನ ಒತ್ತಡ. ಇಂದಿರಾನಗರದಂಥ ಅನುಕೂಲಸ್ಥ ಬಡಾವಣೆಯಲ್ಲಿ ಹುಡುಗಿಗೆ ಕೊರತೆಯಿರುವುದು ಪುಸ್ತಕಕ್ಕಲ್ಲ, ಬಿಡುವಿಗೆ. ತಾನೇ ತೀರ್ಮಾನಿಸಿ ತಾನೇ ತಪ್ಪಿ ತಿದ್ದಿಕೊಳ್ಳುವ ಅವಕಾಶಕ್ಕೆ. ನಾಯಕಿಯಾಗಿ ಪಳಗಬೇಕಾದ ವಯಸ್ಸಿನಲ್ಲೇ ಅವಳನ್ನು ದಳದಿಂದ ಬಿಡಿಸಿದರೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ಬೇಡನ್ ಪೊವೆಲ್ ಮತ್ತು ಅವರ ಪತ್ನಿ, ವಿಶ್ವದ ಮುಖ್ಯ ಗೈಡ್ ಆಗಿದ್ದ ಓಲೇವ್, ಇಬ್ಬರ ಜನ್ಮದಿನವೂ ಫೆಬ್ರವರಿ 22. ಗೈಡ್‌ಗಳು ಅದನ್ನು 1926ರಿಂದ ವಿಶ್ವ ಚಿಂತನಾ ದಿನವೆಂದು ಆಚರಿಸುತ್ತಾರೆ. ಅಂದು ಸಂಸ್ಥೆಯನ್ನು ಗೌರವಿಸಬಯಸುವ ಶಾಲೆ, ಸಂಘಗಳು ಸಭೆಯನ್ನೇ ಬಾಲಕಿಯರ ಕೈಗೆ ಒಪ್ಪಿಸಬಹುದು. ಯಾರನ್ನು ಕರೆಯಬೇಕು, ಯಾರು ಮಾತನಾಡಬೇಕು, ಎಷ್ಟು ಹೊತ್ತು ಮಾತನಾಡಬೇಕು ಎಂಬುದನ್ನು ಅವರೇ ನಿರ್ಧರಿಸಲಿ. ಹೂಗುಚ್ಛ ಹಿಡಿದು ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ಆ ಒಂದು ದಿನ ಹಿರಿಯರು ವಹಿಸಿಕೊಳ್ಳಲಿ.