ನಿಮಗಿದು ಗೊತ್ತೇ? ಬ್ರೌಸರ್‌ಗಳು ತೀರಿಸುತ್ತಿರುವ ಹಳೆಯ ಋಣ

ಗೂಗಲ್ ಕ್ರೋಮ್ ಇಂದಿಗೂ ಯಾವ ಜಾಲತಾಣಕ್ಕೆ ಹೋದರೂ ‘ಮೊಜಿಲ್ಲಾ/5.0’ ಎಂದೇ ಪರಿಚಯ ಹೇಳಿಕೊಳ್ಳುತ್ತದೆ! ಮೊಜಿಲ್ಲಾ ಎಂಬುದು 1990ರ ದಶಕದ ನೆಟ್‌ಸ್ಕೇಪ್ ಬ್ರೌಸರಿನ ಸಂಕೇತನಾಮ. ಪುಟವನ್ನು ಫ್ರೇಮ್‌ಗಳಾಗಿ ವಿಂಗಡಿಸುವ ಸೌಲಭ್ಯ ಮೊದಲು ಬಂದದ್ದು ಅದರಲ್ಲೇ. ಹಾಗಾಗಿ ಆ ಹೆಸರು ಹೇಳಿದವರಿಗಷ್ಟೇ ಹಲವು ತಾಣಗಳು ಫ್ರೇಮ್ ಇರುವ ಪುಟ ಕಳಿಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದೇ ಹೆಸರು ಹೇಳತೊಡಗಿತು. ಆಮೇಲೆ ಬಂದವೂ ಬಿಡಲಿಲ್ಲ.

ಪುಟದ ಆರಂಭದಲ್ಲಿ ‘ಡಾಕ್‌ಟೈಪ್’ ಎಂಬ ಸಾಲು ಇಲ್ಲದಿದ್ದರೆ ಬ್ರೌಸರ್ ‘ಕ್ವರ್ಕ್ಸ್ ಮೋಡ್’ಗೆ ಹೊರಳಿ, ಹಳೆಯ ಬ್ರೌಸರ್‌ಗಳ ಹಲವು ತಪ್ಪುಗಳನ್ನು ಬೇಕೆಂದೇ ಮಾಡುತ್ತದೆ. ಆ ತಪ್ಪುಗಳನ್ನೇ ನಂಬಿ ಕಟ್ಟಿದ ಪುಟ, ಅವನ್ನು ತಿದ್ದಿದರೆ ಚೆಲ್ಲಾಪಿಲ್ಲಿಯಾಗುತ್ತದಲ್ಲ! ಮೈಕ್ರೋಸಾಫ್ಟ್‌ನ ತಂಟೆಕ್ ಚೆಲಿಕ್ ರೂಪಿಸಿದ ಈ ಉಪಾಯ 2000ದಲ್ಲಿ ಮ್ಯಾಕ್‌ನ ಎಕ್ಸ್‌ಪ್ಲೋರರ್ 5ರೊಂದಿಗೆ ಬಂತು. ವಿಂಡೋಸ್‌ನ ಎಕ್ಸ್‌ಪ್ಲೋರರ್ 5ರ ಲೆಕ್ಕವನ್ನೇ ನೋಡಿ. 200 ಪಿಕ್ಸೆಲ್ ಅಗಲ ಎಂದು ಬರೆದು ಎಡಬಲಕ್ಕೆ 20ರಂತೆ ಒಳಜಾಗ ಬಿಟ್ಟರೆ ನಿಯಮದ ಪ್ರಕಾರ ಒಟ್ಟು 240 ಆಗಬೇಕು. ಅದರಲ್ಲಿ 200ಕ್ಕೇ ಮುಗಿಯುತ್ತಿತ್ತು. ಪುಟ ಕಟ್ಟುವವರಿಗೆ ಈ ತಪ್ಪು ಲೆಕ್ಕವೇ ಹೆಚ್ಚು ಅನುಕೂಲ ಎಂಬುದು ನನ್ನ ಅಭಿಪ್ರಾಯ. ಪುಟದ ವಿನ್ಯಾಸ ಬರೆಯುವ ಭಾಷೆಯಾದ ಸಿಎಸ್ಎಸ್ ಕೂಡ ಮುಂದೆ ‘ಬಾಕ್ಸ್-ಸೈಜಿಂಗ್’ ಮೂಲಕ ಅದಕ್ಕೆ ಅವಕಾಶ ಕೊಟ್ಟಿತು.

2009ರಲ್ಲಿ ಬಂದ ಒಪೇರಾ 10 ತನ್ನನ್ನು 9.80 ಎಂದು ಹೇಳಿಕೊಂಡಿತು. ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ಓದುವ ತಾಣಗಳು 10ನ್ನು 1 ಎಂದು ತಿಳಿಯುತ್ತಿದ್ದವು!

ಜಾವಾಸ್ಕ್ರಿಪ್ಟ್‌ನ ‘ಡಾಕ್ಯುಮೆಂಟ್.ಆಲ್’ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಇದೆಯೇ ಎಂದು ಕೋಡ್ ಪರೀಕ್ಷಿಸಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ. ಅದು ಇದ್ದರೆ ಎಕ್ಸ್‌ಪ್ಲೋರರ್ ಎಂದೇ ಹಳೆಯ ಪುಟಗಳು ತೀರ್ಮಾನಿಸುತ್ತಿದ್ದವು. ಇದೊಂದಕ್ಕಾಗಿ ಭಾಷೆಯ ನಿಯಮಾವಳಿಯಲ್ಲೇ ವಿನಾಯಿತಿ ಬರೆದಿದ್ದಾರೆ.

ಒಂದೇ ಬ್ರೌಸರನ್ನು ನಂಬಿ ಅತಿ ಹೆಚ್ಚು ಪೆಟ್ಟು ತಿಂದ ದೇಶಗಳಲ್ಲಿ ದಕ್ಷಿಣ ಕೊರಿಯಾ ಒಂದು. 1990ರ ದಶಕದಲ್ಲಿ ಬಲವಾದ ಗೂಢಲಿಪಿಯ ರಫ್ತಿಗೆ ಅಮೆರಿಕ ಮಿತಿ ಹಾಕಿತ್ತು. ಕೊರಿಯನ್ನರು ‘ಸೀಡ್’ ಎಂಬ ತಮ್ಮದೇ ಗೂಢಲಿಪಿ ರೂಪಿಸಿ, ಬ್ರೌಸರಿಗೆ ಹೆಚ್ಚುವರಿ ತಂತ್ರಾಂಶ ಸೇರಿಸುವ ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್ ಮೂಲಕ ಎಕ್ಸ್‌ಪ್ಲೋರರ್‌ಗೆ ಜೋಡಿಸಿದರು. ಬ್ಯಾಂಕ್, ಖರೀದಿ ಎಲ್ಲವೂ ವರ್ಷಗಟ್ಟಲೆ ಒಂದೇ ಬ್ರೌಸರಿಗೆ ಕಟ್ಟುಬಿದ್ದವು. ಮ್ಯಾಕ್, ಲಿನಕ್ಸ್ ಬಳಸುವವರನ್ನು ಹೀಗೆ ಹೊರಗಿಟ್ಟದ್ದು ನಿಜಕ್ಕೂ ಅನ್ಯಾಯ.

ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ಆದರೂ ಹಳೆಯ ಪುಟಗಳಿಗಾಗಿ ಅದರ ಉತ್ತರಾಧಿಕಾರಿ ಎಡ್ಜ್‌ನಲ್ಲಿ ‘ಐಇ ಮೋಡ್’ ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ.

ಯಾವ ಮೋಡ್‌ಗೂ ಬಗ್ಗದ ಪುಟಗಳು ನಮ್ಮಲ್ಲೂ ಇವೆ. ಯೂನಿಕೋಡ್‌ಗೂ ಮುಂಚಿನ ಕನ್ನಡ ತಾಣಗಳು ತಮ್ಮದೇ ಫಾಂಟ್ ನಂಬಿ, ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ತುಂಬಿದ್ದವು. ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ, ಕನ್ನಡದಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಮೂಲ ಕಡತಗಳು ಕೈಯಲ್ಲಿರುವಾಗಲೇ ಈ ಕೆಲಸ ಆಗಬೇಕು.