ಹೊನಲು ಬೆಳಕಿನ ಕಬಡ್ಡಿಗೆ ಯಾವ ಲೆನ್ಸ್?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಹಗಲು ಮದುವೆ, ರಾತ್ರಿ ಪಂದ್ಯಾವಳಿ ಎಂದು ಕ್ಯಾಮೆರಾ ಹೊತ್ತು ತಿರುಗುವವರು ಕತ್ತಲ ಆಟಕ್ಕೆ ಯಾವ ಲೆನ್ಸ್ ಕೊಳ್ಳಬೇಕೆಂದು ವಿಚಾರಿಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 70-200 ಜೂಮ್, ಎಫ್ 2.8. ದೊಡ್ಡ ಕಂಪನಿಗಳ ಹೊಸ ಲೆನ್ಸಾದರೆ ಬೆಲೆ ಲಕ್ಷ ದಾಟುತ್ತದೆ. ಸಾಲ ಮಾಡಿಯಾದರೂ ಕೊಂಡರೆ ‘ಸ್ಪೋರ್ಟ್ಸ್ ಫೋಟೊಗ್ರಾಫರ್’ ಆದಂತೆ, ಇಲ್ಲವಾದರೆ ಇಲ್ಲ ಎಂಬ ಭಾವನೆ ಗಟ್ಟಿಯಾಗಿದೆ. ಈ ಉತ್ತರ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಬೇರೆ ಬೆಳಕಿನಲ್ಲಿ, ಬೇರೆ ಅಂಗಳದಲ್ಲಿ. ಹೇಗೆ ಹುಟ್ಟಿತೆಂದು ತಿಳಿದರೆ, ನಮ್ಮ ತಾಲ್ಲೂಕು ಮಟ್ಟದ ಆಟಕ್ಕೆ ಅದಕ್ಕಿಂತ ಅಗ್ಗದ, ಹಗುರವಾದ ಇನ್ನೊಂದು ಲೆನ್ಸ್ ಏಕೆ ಹೆಚ್ಚು ಒಗ್ಗುತ್ತದೆ ಎಂಬುದೂ ತಿಳಿಯುತ್ತದೆ.

ಎಫ್ ಸಂಖ್ಯೆ ಇಳಿದಷ್ಟೂ ಬೆಳಕು ಒಳಬರುವ ಲೆನ್ಸಿನ ಬಾಯಿ ಅಗಲ. ಆ ಬಾಯಿ ಅಗಲ ಮಾಡುವ ಹಟ ಫೋಟೊಗ್ರಫಿಯಷ್ಟೇ ಹಳೆಯದು. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಕೊಟ್ಟ ಲೆನ್ಸ್ ಎಫ್ 3.6ರ ಆಸುಪಾಸಿನದು. ಕುಳಿತವರ ಮುಖ ಅಲುಗಾಡುವ ಮೊದಲೇ ಚಿತ್ರ ಹಿಡಿಯುವುದು ಅದರ ಗುರಿ. 1920ರ ದಶಕದಲ್ಲಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಎರ್ನೊಸ್ಟಾರ್ ಎಫ್ 2ಕ್ಕೆ, ಬಳಿಕ 1.8ಕ್ಕೆ ಇಳಿಯಿತು. ಫೋಟೊಗ್ರಾಫರ್ ಎರಿಕ್ ಸಾಲೊಮನ್ ಸಭೆ, ನ್ಯಾಯಾಲಯಗಳ ಒಳಗೆ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆದದ್ದು ಇದೇ ಲೆನ್ಸಿನಿಂದ. ದೂರದ ಆಟಗಾರನನ್ನು ಹತ್ತಿರ ತರುವ ಅಗಲ ಬಾಯಿಯ ಲೆನ್ಸ್ ಹೆಸರು ಮಾಡಿದ್ದು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ. ಬೆರ್ಟೆಲೆಯದೇ ಆದ 180 ಮಿ.ಮೀ., ಎಫ್ 2.8 ಲೆನ್ಸಿಗೆ ‘ಒಲಿಂಪಿಯಾ ಸೊನ್ನಾರ್’ ಎಂಬ ಹೆಸರೇ ಅಂಟಿಕೊಂಡಿತು. ಅದೇ ಬಾಯಿಯನ್ನು ಜೂಮಿಗೆ ತರಲು ಇನ್ನೂ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 1982ರಲ್ಲಿ ಬಂದ ನಿಕಾನಿನ 80-200, ಎಫ್ 2.8 ಜೂಮ್ ಸುಮಾರು ಎರಡು ಕೆ.ಜಿ. ತೂಗುತ್ತಿತ್ತು. 1989ರಲ್ಲಿ ಕ್ಯಾನನ್ ತನ್ನ ಆಟೊಫೋಕಸ್ 80-200 ತಂದಿತು. 1995ರಲ್ಲಿ ಅದು 70-200 ಆಯಿತು. ಇಂದಿನ ಸಿದ್ಧ ಉತ್ತರದ ಜಾತಕ ಇಷ್ಟು.

ಎಫ್ 2.8ಕ್ಕೇ ಏಕೆ ನಿಂತಿತು? ಅದಕ್ಕಿಂತ ಅಗಲ ಮಾಡಿದರೆ ಜೂಮನ್ನು ಹೊತ್ತು ಓಡಾಡುವುದು ಕಷ್ಟ. ಕಿರಿದು ಮಾಡಿದರೆ ಅಂದಿನ ಫಿಲ್ಮಿಗೆ ಬೆಳಕು ಸಾಲದು. 1990ರ ದಶಕದಲ್ಲಿ ಪತ್ರಿಕೆಯವರು ಬಳಸುತ್ತಿದ್ದ ವೇಗದ ಕಲರ್ ಫಿಲ್ಮ್ 800 ಐಎಸ್‌ಒ. ಆಟಗಾರನ ಓಟ ಕಲಸಿಹೋಗದಿರಲು ಶಟರ್ ಸೆಕೆಂಡಿನ 500ನೇ ಒಂದು ಭಾಗವಾದರೂ ಬೇಕು. ಈ ಎರಡಕ್ಕೂ ಎಫ್ 2.8 ಸೇರಿಸಿದರೆ ಅಂಗಳದಲ್ಲಿ ಸುಮಾರು 1,280 ಲಕ್ಸ್ ಬೆಳಕಿರಬೇಕೆಂದು ಲೆಕ್ಕ ಬರುತ್ತದೆ. ಟಿ.ವಿ. ಪ್ರಸಾರಕ್ಕೆ ಸಜ್ಜಾದ ಕ್ರೀಡಾಂಗಣಗಳಲ್ಲಿ ಅಷ್ಟು ಬೆಳಕು ಇದ್ದೇ ಇರುತ್ತದೆ. ಅಂದರೆ ಎಫ್ 2.8 ಪ್ರಕೃತಿಯ ನಿಯಮವೇನಲ್ಲ. ಫಿಲ್ಮಿನ ವೇಗ, ಟಿ.ವಿ.ಯ ದೀಪ, ಹೊರುವವನ ಹೆಗಲು, ಈ ಮೂರರ ನಡುವೆ ಆದ ರಾಜಿ.

ಆ ರಾಜಿಯಲ್ಲಿ ನಮ್ಮ ಅಂಗಳಗಳು ಪಾಲುದಾರರಾಗಿರಲಿಲ್ಲ. ವಿದ್ಯುತ್ತಿನ ವಿಷಯದಲ್ಲಿ ಕೋಲಾರ ಜಿಲ್ಲೆ ಹಿಂದುಳಿದದ್ದೇನಲ್ಲ. ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರಲ್ಲೇ ಕೆಜಿಎಫ್‌ಗೆ ವಿದ್ಯುತ್ ಮುಟ್ಟಿಸಲಾಯಿತು, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಆದರೆ ಆ ವಿದ್ಯುತ್ ಬಂದದ್ದು ಚಿನ್ನದ ಗಣಿಯ ಯಂತ್ರಗಳಿಗಾಗಿ. ಆಟದ ಮೇಲೆ ಬೀಳುವ ಬೆಳಕು ಎಂದೂ ಕೊನೆಯ ಆದ್ಯತೆಯೇ. ಕರ್ನಾಟಕದ ಒಳಾಂಗಣ ಆಟ ಬೆಳೆದದ್ದು ಆಟಕ್ಕೆಂದು ಕಟ್ಟದ ಸೂರುಗಳಡಿಯಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಶಟಲ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಸಭಾಂಗಣದಲ್ಲಿ. ಕಬಡ್ಡಿಯಂತೂ ಮಣ್ಣಿನ ಮೇಲಿನ ಹಗಲಿನ ಆಟ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಗಿ ಬೆಂಗಳೂರು ಬುಲ್ಸ್ ಕಂಠೀರವ ಒಳಾಂಗಣದ ಮ್ಯಾಟ್ ಮೇಲೆ ಆಡಿದಾಗ ಅದು ಝಗಮಗಿಸುವ ದೀಪದಡಿ ಬಂತು. ಊರುಗಳ ‘ಹೊನಲು ಬೆಳಕಿನ ಪಂದ್ಯಾವಳಿ’ ಆ ಮೆರುಗನ್ನು ಬಯಸುತ್ತದೆ. ಆದರೆ ನಾಲ್ಕು ಕಂಬಕ್ಕೆ ಕಟ್ಟಿದ ದೀಪಗಳಿಂದ ಆ ಮಟ್ಟದ ಬೆಳಕು ಸಿಗುವುದಿಲ್ಲ.

ಮಂಕು ಸಭಾಂಗಣವೊಂದರಲ್ಲಿ 160 ಲಕ್ಸ್ ಬೆಳಕಿದೆ ಎಂದಿಟ್ಟುಕೊಳ್ಳೋಣ. ಶಟರ್ 500ನೇ ಒಂದು ಭಾಗದಲ್ಲೇ ಇರಲಿ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಬಾಯಿ ಎಫ್ 5.6, ಆಗ ಐಎಸ್‌ಒ 25,600 ಬೇಕು, ಚಿತ್ರದ ತುಂಬ ಕಾಳುಕಾಳು. ಎಫ್ 2.8ರ ಜೂಮಿಗೆ 6,400. ಎಫ್ 1.8ರ ಲೆನ್ಸಿಗೆ 2,500 ಸಾಕು. ಅಗಲ ಬಾಯಿಯ ಈ ಲೆನ್ಸು ಜೂಮ್ ಆಗುವುದಿಲ್ಲ, ಒಂದೇ ನೋಟಕ್ಕೆ ನಿಂತ ‘ಪ್ರೈಮ್’. 85 ಮಿ.ಮೀ., ಎಫ್ 1.8 ಎಂಬುದು ಅದರಲ್ಲಿ ಎಲ್ಲರಿಗೂ ಪರಿಚಿತ. ಕ್ಯಾನನ್ ಅದನ್ನು 1992ರಲ್ಲೇ ಆಟೊಫೋಕಸ್ ರೂಪದಲ್ಲಿ ತಂದಿತ್ತು, ತೂಕ ಅರ್ಧ ಕೆ.ಜಿ.ಗಿಂತ ಕಡಿಮೆ. ಬೆಲೆಯೂ ದೊಡ್ಡ ಜೂಮಿನ ಒಂದು ಪಾಲಷ್ಟೇ. ಮದುವೆಯಲ್ಲಿ ವಧೂವರರ ಮುಖಚಿತ್ರಕ್ಕೂ ಇದೇ ಲೆನ್ಸ್ ಒದಗುವುದರಿಂದ ಹಾಕಿದ ಹಣ ವರ್ಷವಿಡೀ ದುಡಿಯುತ್ತದೆ.

ಜೂಮ್ ಇಲ್ಲದೆ ಆಟ ಹಿಡಿಯುವುದು ಹೇಗೆ ಎಂಬುದು ಮೊದಲ ಆಕ್ಷೇಪ. ಅದಕ್ಕೆ ಉತ್ತರ ಅಂಗಳದ ಅಳತೆಯಲ್ಲಿದೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಬ್ಯಾಡ್ಮಿಂಟನ್‌ನದು 13.4 ಮತ್ತು 6.1 ಮೀಟರ್. ಗೆರೆಯ ಪಕ್ಕದಲ್ಲೇ ಕೂರಲು ಜಾಗ ಸಿಗುವ ಊರಿನ ಪಂದ್ಯಗಳಲ್ಲಿ ಆಟಗಾರ ಬಹುಪಾಲು ಎಂಟು-ಹತ್ತು ಮೀಟರ್ ಒಳಗೇ ಇರುತ್ತಾನೆ. ಸಾಮಾನ್ಯ ಎಪಿಎಸ್-ಸಿ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ, ಎಂಟು ಮೀಟರ್ ದೂರದಲ್ಲಿ 85 ಮಿ.ಮೀ. ಲೆನ್ಸ್ ಸುಮಾರು ಎರಡೂಕಾಲು ಮೀಟರ್ ಎತ್ತರವನ್ನು ತೋರಿಸುತ್ತದೆ. ರೈಡರ್ ಅಡಿಯಿಂದ ಮುಡಿಯವರೆಗೆ ಕೂರುತ್ತಾನೆ. ಅದೇ ಜಾಗದಿಂದ 200 ಮಿ.ಮೀ. ಹಾಕಿದರೆ ಒಂದು ಮೀಟರೂ ಕಾಣದು, ಕಾಲು ಹಿಡಿದ ಕೈಯೇ ಚೌಕಟ್ಟಿನಾಚೆ. ಲಕ್ಷ ಕೊಟ್ಟು ಕೊಂಡ ಜೂಮಿನ ಉದ್ದದ ಬಹುಭಾಗ ಇಂಥ ಅಂಗಳದಲ್ಲಿ ಸುಮ್ಮನೆ ಕೂತಿರುತ್ತದೆ.

ದೂರದ ಮೂಲೆಯ ಆಟಗಾರನನ್ನು ಕತ್ತರಿಸಿ ದೊಡ್ಡದು ಮಾಡಿಕೊಳ್ಳಬಹುದಲ್ಲ ಎನ್ನುವವರಿಗೆ ಒಂದು ಮಿತಿ ಹೇಳಬೇಕು. ಚಿತ್ರ ಕತ್ತರಿಸಿದಷ್ಟೂ ಕಾಳು ಎದ್ದು ಕಾಣುತ್ತದೆ. 85, ಎಫ್ 1.8ರ ಬೆಳಕಿನ ಬಾಯಿ ಸುಮಾರು 47 ಮಿ.ಮೀ. ಅಗಲ, ಎಫ್ 2.8ರ ಜೂಮ್ 132 ಮಿ.ಮೀ. ತಲುಪಿದಾಗ ಅದರ ಬಾಯಿಯೂ ಅಷ್ಟೇ. ಆದ್ದರಿಂದ 130ರ ಆಸುಪಾಸಿನವರೆಗೆ ಪ್ರೈಮ್‌ನದೇ ಮೇಲುಗೈ, ಆಚೆಗೆ ಜೂಮಿನದು. ಅಂಕಣ 28 ಮೀಟರ್ ಉದ್ದವಿರುವ ಬ್ಯಾಸ್ಕೆಟ್‌ಬಾಲನ್ನೋ, ಗ್ಯಾಲರಿಯಿಂದ ವಾಲಿಬಾಲನ್ನೋ ಹಿಡಿಯುವವರು ಜೂಮ್ ಕೊಳ್ಳುವುದು ನ್ಯಾಯವೇ.

ಎರಡನೆಯ ಆಕ್ಷೇಪ ಹೊಸ ಕಾಲದ್ದು. 2007ರಲ್ಲಿ ನಿಕಾನ್ ಡಿ3 ಐಎಸ್‌ಒ 6,400ನ್ನು ನಿತ್ಯಬಳಕೆಗೆ ತಂದಿತು; ಈಗಂತೂ ಕಾಳು ಅಳಿಸುವ ಸಾಫ್ಟ್‌ವೇರ್ ಮೊಬೈಲಿನಲ್ಲೇ ಇದೆ, ಅಗಲ ಬಾಯಿ ಯಾರಿಗೆ ಬೇಕು ಎಂಬ ವಾದ. ಸಾಫ್ಟ್‌ವೇರ್ ಕಾಳನ್ನು ಒರೆಸಬಲ್ಲದು, ಆದರೆ ಫೋಕಸ್ ತಪ್ಪಿದ ಕಣ್ಣನ್ನು ಮರಳಿ ತರಲಾರದು. ಆಟೊಫೋಕಸ್ ನೋಡುವುದೂ ಇದೇ ಬಾಯಿಯ ಮೂಲಕ. ಬೆಳಕು ಕಡಿಮೆಯಾದಷ್ಟೂ ಅದು ತಡವರಿಸುತ್ತದೆ. ಅಂಗಡಿಯವರು ಹೊಗಳುವ ‘ಸ್ಟೆಬಿಲೈಸೇಷನ್’ ನಡುಗುವ ಕೈಯನ್ನು ಸರಿಪಡಿಸುತ್ತದೆ, ಓಡುವ ಆಟಗಾರನನ್ನಲ್ಲ. ಫ್ಲ್ಯಾಶ್ ಹಾಕಿದರೆ ಶಟಲ್ ನೋಡುತ್ತಿರುವವನ ಕಣ್ಣು ಕೋರೈಸುತ್ತದೆ. ದೀಪದ ಮಿಡಿತವನ್ನು ಮಾತ್ರ ಯಾವ ಲೆನ್ಸೂ ಗೆಲ್ಲದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಟ್ಯೂಬು, ಮೆಟಲ್ ಹಾಲೈಡ್ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಆಗ ಬೆನ್ನುಬೆನ್ನಿಗೆ ತೆಗೆದ ಚಿತ್ರಗಳಲ್ಲಿ ಒಂದು ಹಳದಿ, ಒಂದು ಮಂಕು. ಇದಕ್ಕೆ ಮದ್ದು ಕ್ಯಾಮೆರಾದಲ್ಲಿದೆ. 2014ರ ಕ್ಯಾನನ್ 7ಡಿ ಮಾರ್ಕ್ 2ರಿಂದೀಚೆಗೆ ಬಂದ ಹಲವು ಮಾದರಿಗಳು ಬೆಳಕಿನ ಏರನ್ನು ಕಾದು ಕ್ಲಿಕ್ಕಿಸುತ್ತವೆ.

ಅಗಲ ಬಾಯಿಗೆ ತೆರಬೇಕಾದ ಬೆಲೆಯೂ ಒಂದಿದೆ. ಎಂಟು ಮೀಟರ್ ದೂರದಲ್ಲಿ 85, ಎಫ್ 1.8ಕ್ಕೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 64 ಸೆಂ.ಮೀ. ಮಾತ್ರ; ಎಫ್ 2.8ಕ್ಕೆ ಒಂದು ಮೀಟರ್. ರೈಡರ್‌ನ ಮುಖ ಸ್ಪಷ್ಟವಾದರೆ ಹಿಂದಿನ ಡಿಫೆಂಡರ್ ಮಸುಕಾಗುತ್ತಾನೆ, ಡಿಫೆಂಡರ್‌ಗಳ ಇಡೀ ಸರಪಳಿ ಒಟ್ಟಿಗೆ ಸಿಗದು. ಸರಪಳಿಯೇ ಬೇಕೆನಿಸಿದಾಗ ಬಾಯನ್ನು ಎಫ್ 2.8ಕ್ಕೆ ಕಿರಿದು ಮಾಡಿಕೊಳ್ಳಲು ಅಡ್ಡಿಯಿಲ್ಲ, ಎಫ್ 2.8ರ ಜೂಮನ್ನು 1.8ಕ್ಕೆ ಅಗಲಿಸಲು ಮಾತ್ರ ಬರುವುದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಇರುವ ಕಿಟ್ ಲೆನ್ಸಿನಿಂದಲೇ ಅಂಗಳದ ಬೆಳಕನ್ನು ಅಳೆಯುವುದು ಜಾಣತನ. ಶಟರ್ 500ರಲ್ಲಿ, ಬಾಯಿ ಎಫ್ 5.6ರಲ್ಲಿ ಇಟ್ಟು ಐಎಸ್‌ಒ ಆಟೊಗೆ ಬಿಟ್ಟು ಅಂಕಣದ ನಡುವನ್ನೂ ಮೂಲೆಯನ್ನೂ ನೋಡಬೇಕು. ಕ್ಯಾಮೆರಾ 6,400ರೊಳಗೆ ನಿಂತರೆ ಆ ಅಂಗಳಕ್ಕೆ ಎಫ್ 2.8ರ ಜೂಮ್ ನಿರಾಯಾಸ, 1,600ರಲ್ಲೇ ಕೆಲಸವಾಗುತ್ತದೆ. 25,600 ಮುಟ್ಟಿದರೆ, ಅಂಗಳವೂ ಕಿರಿದಾಗಿದ್ದರೆ, 85, ಎಫ್ 1.8 ಕೊಂಡು ಮಿಕ್ಕ ಹಣವನ್ನು ಕೈಯಲ್ಲೇ ಇಟ್ಟುಕೊಳ್ಳಬಹುದು.